ನೋವು ನಿಂತ ಬೆಳಿಗ್ಗೆ

ರಾಯಚೂರಿನ ಸೋದರಮಾವನಿಗೆ ಒಮ್ಮೆ ಕಿಡ್ನಿ ಸ್ಟೋನ್ ಆಗಿತ್ತು. ಆಗ ಅವನು ಹೊರಳಾಡಿದ್ದನ್ನು ನಕಲು ಮಾಡುವುದು ನನ್ನ ಹಿಟ್ ಐಟಂ. ಒಂದು ದಿನ ತಾರ್ನಾಕದ ನಮ್ಮ ಮನೆಯಲ್ಲಿ ನಾನು ಎಡಪಕ್ಕೆ ಹಿಡಿದು ನೆಲಕ್ಕೆ ಬಿದ್ದಾಗ ಅವ್ವ ಚಪ್ಪಾಳೆ ತಟ್ಟಿದಳು.

ನಾನು ವಾಂತಿ ಮಾಡಿದೆ.

ಸ್ಕ್ಯಾನ್ ಆಯಿತು. ಎಡ ಕಿಡ್ನಿಯ ಬಾಯಲ್ಲೇ ಸ್ಟೋನ್. ಬೇಗ ಆಪರೇಷನ್ ಮಾಡಿಸಿ ಅಂದರು ಡಾಕ್ಟರು.

ಫೋನಿನಲ್ಲಿ ಮಾವನೂ ಡಾಕ್ಟರಾದ. "ಯಾಕ ಕೊಯ್ಸಿಕೋತೀಯಲೇ? ಬಾಳೆದಿಂಡಿನ ರಸ ಕುಡಿ. ನಂದು ಕರಗಿಲ್ಲೇನು?"

ಅವನದು ಸಾಸಿವೆಯಷ್ಟು, ನನ್ನದು ಅಡಿಕೆಯಷ್ಟು. ಅದನ್ನು ಯಾರೂ ಕೇಳಲಿಲ್ಲ. ರಾಯಚೂರಿನಿಂದ ಕಾಚಿಗೂಡದ ರೈಲಿನಲ್ಲಿ ದಿಂಡಿನ ಚೀಲ ಬರತೊಡಗಿತು. ಅಪ್ಪ ಅದನ್ನು ಸ್ಟೇಷನ್ನಿನಿಂದ ಕೂಸು ಎತ್ತಿಕೊಂಡ ಹಾಗೆ ಎತ್ತಿಕೊಂಡು ಬರುತ್ತಿದ್ದರು. ನಾನೂ ಕುಡಿದೆ. ಊರಮಂದಿಯ ದನಿಯೆಲ್ಲ ಬರುವ ನನಗೆ 'ಆಪರೇಷನ್ ಮಾಡಿಸ್ರಿ' ಅನ್ನಲು ದನಿ ಬರಲಿಲ್ಲ. ಕೊಯ್ಯುವುದೆಂದರೆ ಎಲ್ಲರಿಗಿಂತ ನನಗೇ ಹೆಚ್ಚು ಭಯ.

ಒಂದು ಬೆಳಿಗ್ಗೆ ನೋವು ನಿಂತಿತ್ತು.

ಅವ್ವ ಹೋಳಿಗೆ ಮಾಡಿದಳು. ಮಾವ ಅಲ್ಲಿ ಮೀಸೆ ತಿರುವಿದ್ದು ಫೋನಿನಲ್ಲಿ ಕೇಳಿಸಿತು. ನೋವೇ ಇಲ್ಲದವನು ಮತ್ತೆ ಸ್ಕ್ಯಾನಿಗೆ ಯಾಕೆ ಹೋಗಬೇಕು? ಹೋಗಲಿಲ್ಲ.

ತಿಂಗಳುಗಳು ಕಳೆದ ಮೇಲೆ ಚಳಿಜ್ವರ ಬಂತು. ಸ್ಟೋನ್ ಇದ್ದಲ್ಲೇ ಇತ್ತು. ಮೂತ್ರ ಹೊರಗೆ ಹೋಗಲಾರದೆ ಕಿಡ್ನಿ ಉಬ್ಬಿ ಉಬ್ಬಿ ಕೊನೆಗೆ ಕೆಲಸವನ್ನೇ ನಿಲ್ಲಿಸಿತ್ತು. ಅದಕ್ಕೇ ನೋವೂ ನಿಂತಿದ್ದು, ಅಂದರು ಡಾಕ್ಟರು.

ನಾವು ಹೋಳಿಗೆ ತಿಂದದ್ದು ಅದರ ತಿಥಿಗೆ.

ಮೊದಲು ಬೆನ್ನಿನಿಂದ ಟ್ಯೂಬ್ ಇಳಿಸಿ ಕೀವು ತೆಗೆದರು. ಜ್ವರ ಇಳಿದ ಮೇಲೆ ಅದೇ ದಾರಿಯಲ್ಲಿ ಸ್ಟೋನ್ ಪುಡಿ ಮಾಡಿ ತೆಗೆದು, ಮೂತ್ರ ಹರಿಯಲು ಒಳಗೆ ಸ್ಟೆಂಟ್ ಇಟ್ಟರು. ನಕ್ಕರೆ ಬೆನ್ನು ಸೆಳೆಯುತ್ತಿತ್ತು, ಉಚ್ಚೆ ಹೊಯ್ದರೆ ಬೆಂಕಿ. ನಗಿಸುವವನಿಗೆ ಇದಕ್ಕಿಂತ ದೊಡ್ಡ ಶಿಕ್ಷೆ ಬೇಕೆ? ಇಷ್ಟೆಲ್ಲ ಆದಮೇಲಾದರೂ ಕಿಡ್ನಿ ಚೇತರಿಸಿಕೊಳ್ಳುತ್ತದೆ ಅಂತ ಕಾದೆವು.

ಸ್ಟೆಂಟ್ ತೆಗೆಸಿ, ಕೊನೆಯ ಸ್ಕ್ಯಾನ್ ಮುಗಿಸಿ ಮನೆಗೆ ಬಂದರೆ ಮಾವ ಕೂತಿದ್ದ. ಕೈಯಲ್ಲಿ ಮತ್ತದೇ ಚೀಲ.

"ಪಾರಾದಿ ಬಿಡು. ಮತ್ತ ಆಗಬಾರದಲ್ಲ, ತಂದೀನಿ. ಎಲ್ಲಿ, ಭಾಳ ದಿನ ಆತು, ನನ್ನಂಗ ಮಾತಾಡು ನೋಡೋಣ."

ಬಾಯಿ ತೆರೆದೆ. ಬಂದದ್ದು ಡಾಕ್ಟರ ದನಿ. "ಸ್ಟೋನ್ ಕ್ಲಿಯರ್. ಎಡ ಕಿಡ್ನಿ ಮಾತ್ರ ಇನ್ನು ಲೆಕ್ಕಕ್ಕಿಲ್ಲ. ಬಲಗಡೆಯದನ್ನು ಜೋಪಾನ ಮಾಡಿ."

ಥೇಟ್ ಅವರಂತೆಯೇ ಬಂದಿತ್ತು. ಯಾರೂ ನಗಲಿಲ್ಲ. ಮಾವ ಚೀಲವನ್ನು ಮೆಲ್ಲಗೆ ಕಾಲಿನಿಂದ ಮಂಚದ ಕೆಳಗೆ ತಳ್ಳಿದ.

ಬಲಗಡೆಯದು ಚೆನ್ನಾಗಿದೆ, ಪುಣ್ಯ. ನೀರು ಕುಡಿಯುತ್ತೇನೆ, ಹೇಳಿದಾಗ ಟೆಸ್ಟಿಗೆ ಹೋಗುತ್ತೇನೆ. ಅಪ್ಪ ದಿನಾ ಕೇಳುತ್ತಾರೆ, "ನೋವೈತೇನಪಾ?"

ಇಲ್ಲ ಅಂದರೇ ಅವರಿಗೆ ಹೆಚ್ಚು ಭಯ.