ಯೋಚನೆ ಮಾಡುತ್ತಿರುವವರು

ನಮ್ಮ ಭಾವ, ಅಂದರೆ ನನ್ನ ಅಕ್ಕನ ಗಂಡ, ಇಪ್ಪತ್ತಾರು ವರ್ಷದಿಂದ ಒಂದೇ ಅಂಗಡಿಯಲ್ಲಿ ಮಂಚ ಮಾರುತ್ತಿದ್ದಾರೆ. ಮಾರುತ್ತಿದ್ದಾರೆ ಎಂದರೆ ಸ್ವಲ್ಪ ಹೆಚ್ಚಾಯಿತು. ಮಂಚದ ಪಕ್ಕ ನಿಂತಿರುತ್ತಾರೆ. ತೋರಿಸುವುದರಲ್ಲಿ ಮಾತ್ರ ಅವರನ್ನು ಮೀರಿಸುವವರಿಲ್ಲ. ಹಲಗೆ ತಟ್ಟಿ ಸದ್ದು ಕೇಳಿಸುತ್ತಾರೆ, ಗಿರಾಕಿಯ ಚಪ್ಪಲಿ ಬಿಚ್ಚಿಸಿ ಮಲಗಿಸುತ್ತಾರೆ, ತಲೆಯ ಹತ್ತಿರ ನಿಂತು ಮಗ್ಗುಲಾಗಲು ಹೇಳುತ್ತಾರೆ. ಗಿರಾಕಿ ಎದ್ದು ಕೂದಲು ಸರಿಮಾಡಿಕೊಂಡು "ಯೋಚನೆ ಮಾಡಿ ಹೇಳ್ತೀವಿ" ಅಂದರೆ ಸಾಕು, ಭಾವನ ಮುಖ ಅರಳುತ್ತದೆ. ಒಂದು ಚೀಟಿಯಲ್ಲಿ ವಿಳಾಸ, ಫೋನ್ ನಂಬರು, ಯಾವ ಮಂಚ, ಯಾರಿಗೆ ಬೆನ್ನು ನೋವು ಎಲ್ಲ ಬರೆದು ಶೂ ಡಬ್ಬದೊಳಗೆ ಇಡುತ್ತಾರೆ. ಅಲ್ಲಿಗೆ ಅವರ ಕೆಲಸ ಮುಗಿಯಿತು. ಹೇಳ್ತೀವಿ ಅಂದವರು ಹೇಳುವ ತನಕ ಕಾಯಬೇಕು, ನಡುವೆ ಫೋನ್ ಮಾಡಿದರೆ ಅವರ ಮಾತನ್ನು ನಂಬದ ಹಾಗಾಗುತ್ತದೆ ಎನ್ನುವುದು ಭಾವನ ಪದ್ಧತಿ.

ಹಳೇ ಯಜಮಾನರು ಇರುವಷ್ಟು ಕಾಲ ಇದು ನಡೆಯಿತು. ಯೋಚನೆ ಮಾಡದೆ ಕೊಂಡುಕೊಳ್ಳುವವರಿಂದಲೇ ಅಂಗಡಿ ಹೇಗೋ ಉಸಿರಾಡುತ್ತಿತ್ತು. ಈ ವರ್ಷ ಯಜಮಾನರ ಮಗಳು ಬಂದು ಕುರ್ಚಿಯಲ್ಲಿ ಕೂತಳು. ಮೊದಲ ವಾರವೇ ಕಪಾಟು ತೆಗೆಸಿದಾಗ ನಾಲ್ಕು ಶೂ ಡಬ್ಬ, ಅದರಲ್ಲಿ ಆರುನೂರ ನಲವತ್ತು ಚೀಟಿ ಸಿಕ್ಕವು. ಇವರೆಲ್ಲ ಯಾರು ಅಂತ ಕೇಳಿದಳು.

"ಯೋಚನೆ ಮಾಡ್ತಾ ಇರೋರು" ಅಂದರು ಭಾವ.

ಆ ಹುಡುಗಿ ಜೋರು ಮಾಡಲಿಲ್ಲ. ಶನಿವಾರದೊಳಗೆ ಈ ಡಬ್ಬಗಳಿಂದ ಒಬ್ಬರಾದರೂ ಬಂದು ಒಂದು ಮಂಚ ಕೊಳ್ಳಬೇಕು, ಇಲ್ಲವಾದರೆ ನೀವು ಅದರ ಮುಂದಿನ ಸೋಮವಾರದಿಂದ ಗೋಡೌನಿಗೆ ಹೋಗಿ ಅಂದಳು. ಗೋಡೌನೆಂದರೆ ಊರಾಚೆಯ ತಗಡಿನ ಶೆಡ್ಡು, ಪ್ಲಾಸ್ಟಿಕ್ ಸುತ್ತಿದ ಹಾಸಿಗೆಗಳ ರಾಶಿ. ಅಲ್ಲಿಗೆ ಒಂದು ನರಪಿಳ್ಳೆಯೂ ಬರುವುದಿಲ್ಲ. ಮಾತಾಡಿಸಲು ಜನ ಇಲ್ಲದಿದ್ದರೆ ಭಾವ ಒಂದೇ ತಿಂಗಳಲ್ಲಿ ಒಣಗಿಹೋಗುತ್ತಾರೆಂದು ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತು. ಅದಕ್ಕೇ ನಾನು ನನ್ನ ಗಾಜಿನ ಅಂಗಡಿಗೆ ಬೀಗ ಜಡಿದು, ಸ್ಕೂಟರಿನ ಹಿಂದೆ ಅವರನ್ನು ಕೂರಿಸಿಕೊಂಡು ಆ ವಾರದ ಸೋಮವಾರವೇ ಹೊರಟೆ. ಮನಸ್ಸಿನಲ್ಲಿ ಬೈದುಕೊಂಡೇ ಹೊರಟೆ ಅನ್ನಿ.

ಹೊರಡುವ ಮೊದಲು ಭಾವ ಫೋನ್ ಮಾಡಿದರು. ಮೊದಲ ಚೀಟಿಗೆ ಒಂಬತ್ತು ವರ್ಷ ವಯಸ್ಸು. ಆ ಕಡೆಯ ಹೆಂಗಸು, ಮಂಚ ನೋಡಿಹೋದ ತನ್ನ ಯಜಮಾನರು ತೀರಿಕೊಂಡು ಆರು ವರ್ಷವಾಯಿತು ಎಂದು ಹೇಳಿದರು. ನಾನು ಫೋನ್ ಇಡುವಂತೆ ಕೈಸನ್ನೆ ಮಾಡಿದೆ. ಭಾವ ತುಂಬ ಸಂಕಟದಿಂದ, "ಹೋಗೋ ಮುಂಚೆ ಮಂಚದ ವಿಷಯ ಏನಾದ್ರೂ ಹೇಳಿದ್ರಾಮ್ಮ?" ಅಂತ ಕೇಳಿದರು. ಕೆಟ್ಟ ಬುದ್ಧಿಯಿಂದ ಕೇಳಿದ್ದಲ್ಲ. ಮೂರು ವರ್ಷ ಯೋಚನೆ ಮಾಡಿದವರು ಒಂದು ತೀರ್ಮಾನಕ್ಕೆ ಬಂದಿರಬಹುದೆಂದು ಅವರು ಮನಸಾರೆ ನಂಬಿದ್ದರು.

ಇನ್ನೊಂದು ಚೀಟಿಯಲ್ಲಿ "ಮಗುವಿಗೆ, ವಯಸ್ಸು ಎರಡು, ತಲೆದೆಸೆಯಲ್ಲಿ ಮೊಲದ ಚಿತ್ರ ಬೇಕು" ಎಂದಿತ್ತು. ಮಹಡಿ ಹತ್ತಿ ಬೆಲ್ ಒತ್ತಿದರೆ ಭಾವನಿಗಿಂತ ಒಂದು ಗೇಣು ಎತ್ತರದ ಹುಡುಗಿ ಬಾಗಿಲು ತೆಗೆದಳು. ಮಗು ಅವಳೇ. ಭಾವ ಚೀಟಿ ನೋಡಿದರು, ಅವಳನ್ನು ನೋಡಿದರು, ಮೊಲ ಈಗಲೂ ಸ್ಟಾಕಿನಲ್ಲಿದೆ ಅಂದರು. ಹುಡುಗಿ ಬಿದ್ದು ಬಿದ್ದು ನಕ್ಕು ಅಮ್ಮನನ್ನು ಕರೆದಳು. ಅಮ್ಮ ಕೂರಿಸಿ ಚಹಾ ಕೊಟ್ಟರು, ಮಂಚ ಮಾತ್ರ ಕೇಳಬೇಡಿ ಅಂದರು.

ಮಂಗಳವಾರ, ಬುಧವಾರ ಎರಡೂ ದಿನವನ್ನು ಒಂದೇ ಚೀಟಿ ನುಂಗಿತು. ಅದು ಹೊಸದಾಗಿ ಮದುವೆಯಾಗಿದ್ದ ಜೋಡಿಯದ್ದು: ಗಂಡನಿಗೆ ಕೆಳಗೆ ಡ್ರಾಯರ್ ಇರುವ ಮಂಚ ಬೇಕು, ಹೆಂಡತಿಗೆ ಬೇಡ. ಈಗ ಅವರು ಬೇರೆಯಾಗಿ ಏಳು ವರ್ಷ. ಒಬ್ಬರು ಬಸ್ ನಿಲ್ದಾಣದ ಹಿಂದೆ, ಇನ್ನೊಬ್ಬರು ನೀರಿನ ಟ್ಯಾಂಕಿನ ಹತ್ತಿರ. ಗಂಡ ಅವಳನ್ನೇ ಕೇಳಿ ಅಂದ. ಅವಳು, ಆ ಮನುಷ್ಯ ಇನ್ನೂ ಡ್ರಾಯರ್ ಬಿಟ್ಟಿಲ್ಲವಾ ಅಂತ ವಿಚಾರಿಸಿದಳು. ಭಾವ ಪ್ರಾಮಾಣಿಕವಾಗಿ ವಾಪಸ್ ಹೋಗಿ ಕೇಳಿದರು. ಅವನು ಡ್ರಾಯರಿನಿಂದಾಗುವ ಐದು ಅನುಕೂಲ ಹೇಳಿ ಕಳಿಸಿದ. ಅವಳು ಧೂಳಿನ ಮಾತೆತ್ತಿದಳು. ನಾನು ಪೆಟ್ರೋಲ್ ಸುಟ್ಟುಕೊಂಡು ಅವರಿಬ್ಬರ ಜಗಳವನ್ನು ಆ ಕಡೆಯಿಂದ ಈ ಕಡೆಗೆ ಏಳು ಸಲ ಸಾಗಿಸಿದೆ. ಕೊನೆಗೆ ಅವಳು, ಡ್ರಾಯರ್ ಒಂದೇ ಆದರೆ ಒಪ್ಪಬಹುದಿತ್ತು ಎಂದಳು. ಅವನು ಅದನ್ನು ಕೇಳಿ ಮೆಲ್ಲಗೆ ಬಾಗಿಲು ಹಾಕಿಕೊಂಡ. ಭಾವ ಚೀಟಿಯಲ್ಲಿ "ಒಂದು ಡ್ರಾಯರ್" ಎಂದು ತಿದ್ದಿ ಜೇಬಿಗಿಟ್ಟುಕೊಂಡರು. ನಾನು ಹಣೆ ಚಚ್ಚಿಕೊಂಡೆ.

ಶುಕ್ರವಾರ ಸಂಜೆ ಐದಕ್ಕೆ ಒಬ್ಬ ರಿಟೈರ್ಡ್ ಮೇಷ್ಟ್ರ ಮನೆಗೆ ಹೋದೆವು. ಮೇಷ್ಟ್ರು ಚೀಟಿಯನ್ನು ಕನ್ನಡಕ ಹಾಕಿಕೊಂಡು ಎರಡು ಸಲ ಓದಿದರು. ಹನ್ನೆರಡು ವರ್ಷ ಯಾಕೆ ಬರಲಿಲ್ಲ ಎಂದು ಕೇಳಿದರು. ನೀವು ಹೇಳ್ತೀನಿ ಅಂದಿದ್ದಿರಲ್ಲ ಎಂದು ಭಾವ ನೆನಪು ಮಾಡಿಕೊಟ್ಟರು. ಮೇಷ್ಟ್ರು ಭಾವನ ಮುಖವನ್ನೇ ನೋಡುತ್ತ ಮೆಲ್ಲಗೆ ಹೇಳಿದರು:

"ಅದು ಬೇಡ ಅನ್ನೋಕೆ ಹೇಳೋ ಮಾತಲ್ವೇನಪ್ಪ. ನೀವು ಅಷ್ಟು ಪ್ರೀತಿಯಿಂದ ತೋರಿಸಿದಿರಿ, ಮುಖಕ್ಕೆ ಹೊಡೆದ ಹಾಗೆ ಹೇಳೋಕಾಗಲಿಲ್ಲ. ಎಲ್ಲರೂ ಹಾಗೇ ತಾನೆ ಹೇಳೋದು."

ಭಾವ ಚೀಟಿ ತೆಗೆದುಕೊಂಡು ಎದ್ದರು. ಮೆಟ್ಟಿಲಿಳಿಯುವಾಗ "ಆರುನೂರ ನಲವತ್ತು" ಅಂದರು. ಸ್ಕೂಟರಿನ ಹಿಂದೆ ಡಬ್ಬಗಳನ್ನು ಅಪ್ಪಿಕೊಂಡು ಕೂತರು. ಇಷ್ಟು ವರ್ಷ ಊರಿನ ಆರುನೂರ ನಲವತ್ತು ಮನೆಗಳಲ್ಲಿ ತನ್ನ ಮಂಚದ ಬಗ್ಗೆ ಮಾತುಕತೆ ನಡೆಯುತ್ತಿದೆ ಎಂದುಕೊಂಡಿದ್ದ ಮನುಷ್ಯ. ನನಗೆ ಗೋಡೌನಿಗಿಂತ ಇದೇ ದೊಡ್ಡ ಏಟು ಅನ್ನಿಸಿತು.

ಮನೆಯಲ್ಲಿ ಅಕ್ಕ ಅಡುಗೆಮನೆಯ ಬಾಗಿಲಲ್ಲಿ ಬಟ್ಟೆ ಮಡಚುತ್ತ ಕೂತಿದ್ದಳು. ಭಾವ ಡಬ್ಬಗಳನ್ನು ಮೇಜಿನ ಮೇಲಿಟ್ಟು ನನ್ನ ಕಡೆ ತಿರುಗಿದರು.

"ನಿಜ ಹೇಳೋ. ಅವತ್ತು ನಿಮ್ಮ ಮನೆ ಗೇಟ್ ಹತ್ತಿರ ನೀನು ಹೇಳಿದ್ದೂ ಇದೇ ಮಾತು. ಅದೂ ಬೇಡ ಅಂತಲಾ?"

ಇಪ್ಪತ್ತನಾಲ್ಕು ವರ್ಷದ ಹಿಂದೆ ಅವರು ಅಕ್ಕನನ್ನು ನೋಡಲು ಬಂದಿದ್ದರು. ಹುಡುಗ ಬಲು ಮೆತ್ತಗೆ ಎಂದು ಅಪ್ಪನಿಗೆ ಹಿಡಿಸಲಿಲ್ಲ. ಹತ್ತೊಂಬತ್ತರ ನನ್ನನ್ನು ಗೇಟಿನ ತನಕ ಕಳಿಸಿ ಆ ಮಾತು ಹೇಳಿಸಿದರು. ಆಮೇಲೆ ಬಂದ ಒಬ್ಬನೂ ಅಕ್ಕನಿಗೆ ಒಪ್ಪಿಗೆಯಾಗಲಿಲ್ಲ. ಒಬ್ಬನ ಮೂಗು ಸೊಟ್ಟ, ಒಬ್ಬ ಸದ್ದು ಮಾಡಿ ಅಗಿಯುತ್ತಾನೆ, ಹೀಗೇ. ಹನ್ನೊಂದು ತಿಂಗಳ ಮೇಲೆ ಅಪ್ಪ ಕೈಚೆಲ್ಲಿ ನನ್ನನ್ನು ಇವರ ಮನೆಗೆ ಓಡಿಸಿದರು. ಇವರು ಬಾಗಿಲು ತೆಗೆದವರೇ ಯೋಚನೆ ಮುಗಿಯಿತಾ ಅಂತ ಕೇಳಿದ್ದರು, ನಿನ್ನೆ ತಾನೇ ಬಂದುಹೋದವರ ಹಾಗೆ. ಜನ ಹೇಳ್ತೀವಿ ಅಂದರೆ ಹೇಳಿಯೇ ಹೇಳುತ್ತಾರೆ ಎಂಬ ನಂಬಿಕೆ ಅವತ್ತಿನಿಂದ ಅವರ ತಲೆಯಲ್ಲಿ ಬೇರೂರಿತು. ಅದನ್ನು ನೆಟ್ಟವನು ನಾನೇ.

ಇಲ್ಲ ಭಾವ, ನಾವು ನಿಜವಾಗಿಯೂ ಯೋಚನೆ ಮಾಡುತ್ತಿದ್ದೆವು ಅನ್ನಲು ಬಾಯಿ ತೆರೆದೆ. ಅಕ್ಕ ಬಿಡಲಿಲ್ಲ.

"ಬೇಡ ಅಂತಲೇ ಹೇಳಿದ್ದು. ಅಪ್ಪ ಹೇಳಿಸಿದ್ರು, ಇವನು ಹೇಳಿದ. ನನ್ನನ್ನ ಯಾರೂ ಕೇಳಲಿಲ್ಲ, ನೀವೂ ಕೇಳಲಿಲ್ಲ. ಹನ್ನೊಂದು ತಿಂಗಳು ಬಂದವರಿಗೆಲ್ಲ ಏನೋ ಒಂದು ಕುಂಟು ನೆಪ ಹೇಳಿ ಸಾಗಹಾಕಿದೆ. ಒಂದೇ ಒಂದು ಸಲ ಬಂದು ಬೇಕಾ ಬೇಡವಾ ಅಂತ ಕೇಳಬಾರದಿತ್ತಾ?"

ಮಡಚಿದ ಅಂಗಿಯನ್ನು ಬಿಚ್ಚಿ ಮತ್ತೆ ಮಡಚಿದಳು. ಅವಳಿಗೆ ಆಗ ಬಂದವರ ಮೂಗು, ಅಗಿತ ನಿಜವಾಗಿಯೇ ಹಿಡಿಸಿರಲಿಲ್ಲ ಎಂದುಕೊಂಡಿದ್ದ ನನಗೆ ತಲೆ ಎತ್ತಲಾಗಲಿಲ್ಲ.

ಭಾವ ಡಬ್ಬದಿಂದ ಒಂದು ಚೀಟಿ ತೆಗೆದು ಫೋನ್ ಹಚ್ಚಿದರು. ನಮಸ್ಕಾರ, ಮಂಚ ಬೇಕಾ, ಬೇಡವಾ ಎಂದು ಕೇಳಿದರು. ಆ ಕಡೆಯವರು ಬೇಡ ಅಂದರು. ಭಾವ ಉಪಕಾರವಾಯಿತು ಎಂದು ಮನಸಾರೆ ಹೇಳಿ ಇನ್ನೊಂದಕ್ಕೆ ಹಚ್ಚಿದರು. ಅವರಿಗೂ ಬೇಡ. ಮೂರನೆಯವರು, ಮನೆಯ ಮಂಚದ ಕಾಲು ಮುರಿದು ಕೆಳಗೆ ಇಟ್ಟಿಗೆ ಕೊಟ್ಟಿದ್ದೇವೆ, ನಾಳೆ ಬಂದು ನೋಡಿ ತಗೋತೀವಿ ಎಂದರು. ನಿಧಾನವಾಗಿ ಬನ್ನಿ, ಅವಸರವೇನಿಲ್ಲ ಎನ್ನುತ್ತಾರೆಂದು ನಾನು ಕಾದೆ. ಅಕ್ಕನ ಕೈ ಬಟ್ಟೆಯ ಮೇಲೇ ನಿಂತಿತ್ತು.

"ನಾಳೆ ಎಷ್ಟು ಗಂಟೆಗೆ?" ಅಂದರು ಭಾವ.

ಆ ಕಡೆಯವರು ಹತ್ತೂವರೆ ಅಂದರು. ಭಾವ ಅದನ್ನು ಚೀಟಿಯಲ್ಲಿ ಬರೆದುಕೊಂಡು, ಬರದೇ ಇದ್ದರೆ ಹತ್ತೂ ಮೂವತ್ತೈದಕ್ಕೆ ತಾನೇ ಅವರ ಮನೆ ಬಾಗಿಲಿಗೆ ಬರುವುದಾಗಿ ಹೇಳಿದರು.