ತೆರೆದ ಚಾಕು ಹಿಡಿದು ಭಾವನ ಮನೆಗೆ

ಮೊನ್ನೆ ಕೊಪ್ಪದ ಬಸ್ ಸ್ಟ್ಯಾಂಡಿನಲ್ಲಿ ಪಕ್ಕದ ಬೆಂಚಿನವರು ಚಕ್ಕೋತದ ಹಣ್ಣು ಬಿಡಿಸುತ್ತಿದ್ದರು. ಅದರ ದಪ್ಪ ಸಿಪ್ಪೆಯ ಕಹಿ ಘಮ ಮೂಗಿಗೆ ಬಡಿದದ್ದೇ ತಡ, ನನ್ನ ಕೈ ತಾನಾಗಿ ಪ್ಯಾಂಟಿನ ಜೇಬಿಗೆ ಹೋಯಿತು. ಚಾಕು ಅಲ್ಲೇ ಇತ್ತು, ಮಡಚಿಕೊಂಡು ಸಾಧುವಾಗಿ ಮಲಗಿತ್ತು. ನೀವು ನಗಬಹುದು, ಆದರೆ ಅದು ಸರಿಯಾಗಿ ಮಡಚಿಕೊಂಡಿದೆಯೇ ಎಂದು ಆಗಾಗ ಮುಟ್ಟಿ ನೋಡುವ ಚಾಳಿ ನನಗೆ ಹತ್ತಿಬಿಟ್ಟಿದೆ. ಕಾರಣ ಹೇಳಬೇಕೆಂದರೆ ಭಾವನಿಂದಲೇ ಶುರು ಮಾಡಬೇಕು.

ಭಾವ ಎಂದರೆ ನನ್ನ ಅಕ್ಕನ ಗಂಡ, ಭಂಡಿಗಡಿಯವರು. ಕನ್ನಡಕ ಮರೆತು ಮನೆಯಿಂದ ಹೊರಟಾರು, ಚಾಕು ಮರೆಯುವವರಲ್ಲ. ಬೆರಳುದ್ದದ್ದು, ಮರದ ಹಿಡಿ, ಉಗುರು ಸಿಕ್ಕಿಸಿ ತೆರೆಯುವಂಥದ್ದು. ನೆಂಟರಿಷ್ಟರ ಯಾವ ಕಾರ್ಯವೇ ಇರಲಿ, ಹೂವಿನ ಮಾಲೆಯ ದಾರಕ್ಕೆ, ಅಕ್ಕಿ ಚೀಲದ ಹೊಲಿಗೆಗೆ, ಯಾರದೋ ಅಂಗಾಲಿಗೆ ಚುಚ್ಚಿದ ಮುಳ್ಳಿಗೆ, ಎಲ್ಲದಕ್ಕೂ ಅವರನ್ನೇ ಹುಡುಕುತ್ತಿದ್ದರು. ಪುರೋಹಿತರು ತಡವಾದರೆ ನಡೆಯುತ್ತಿತ್ತು, ಭಾವ ತಡವಾದರೆ ಬಾಳೆ ಎಲೆಯ ಕಟ್ಟೂ ಬಿಚ್ಚುತ್ತಿರಲಿಲ್ಲ.

ಆದರೆ ಚಾಕುವನ್ನು ಅವರು ಯಾರ ಕೈಗೂ ಕೊಡುತ್ತಿರಲಿಲ್ಲ. ನಮ್ಮ ಕಡೆ ಕತ್ತಿ, ಚೂರಿ ಇಂಥವನ್ನು ಕೈಯಿಂದ ಕೈಗೆ ದಾಟಿಸುವ ಹಾಗಿಲ್ಲ, ದಾಟಿಸಿದರೆ ಇಬ್ಬರಿಗೂ ಜಗಳ ತಪ್ಪಿದ್ದಲ್ಲ ಎನ್ನುತ್ತಾರೆ. ಕೊಡುವವರು ಕೆಳಗಿಡಬೇಕು, ಬೇಕಾದವರು ಎತ್ತಿಕೊಳ್ಳಬೇಕು. ಭಾವ ಇದನ್ನು ಓಡುವ ಬಸ್ಸಿನಲ್ಲೂ ಬಿಟ್ಟವರಲ್ಲ. ಒಮ್ಮೆ ಶೃಂಗೇರಿ ಬಸ್ಸಿನ ಕಂಡಕ್ಟರ್, ಟಿಕೆಟ್ ಮಿಷನ್ನಿನಲ್ಲಿ ಕಾಗದ ಸಿಕ್ಕಿಕೊಂಡಿತೆಂದು ಚಾಕು ಕೇಳಿದ. ಭಾವ ಅಲಗು ತೆರೆದು ಶಾಸ್ತ್ರೋಕ್ತವಾಗಿ ನೆಲದ ಮೇಲಿಟ್ಟರು. ಅಷ್ಟರಲ್ಲಿ ತಿರುವು ಬಂತು. ಚಾಕು ಸೀಟುಗಳ ಅಡಿಯಲ್ಲಿ ಜಾರುತ್ತ ಡ್ರೈವರನ ಕಡೆ ಹೊರಟಿತು, ಇಡೀ ಬಸ್ಸು ಕಾಲೆತ್ತಿಕೊಂಡು ಕೂತಿತು. ಇಳಿಯುವಾಗ ಭಾವ ಸಮಾಧಾನದಿಂದ, "ಎಂತದಾದ್ರೂ ಆಗ್ಲಿ, ಜಗಳ ಆಗ್ಲಿಲ್ಲ ನೋಡು" ಎಂದರು.

ಇಂಥ ಭಾವನಿಗೂ ನನಗೂ ಜಗಳವಾಯಿತು. ನರಸಿಂಹರಾಜಪುರದಲ್ಲಿ ಒಂದು ಗೃಹಪ್ರವೇಶ. ನಾನು ತೋರಣ ಕಟ್ಟಲು ಏಣಿ ಹತ್ತಿದ್ದೆ. ಹಗ್ಗ ಕೊಯ್ಯಲು ಚಾಕು ಬೇಕಾಯಿತು. ಏಣಿಯ ತುದಿಯಲ್ಲಿರುವವನಿಗೆ ಕೆಳಗಿಟ್ಟು ಕೊಡುವುದು ಹೇಗೆ? ಭಾವ ಯೋಚಿಸಿ, ಏಣಿಯ ಮೆಟ್ಟಿಲ ಮೇಲೆ ಇಡಲು ನೋಡಿದರು. ನಾನು ಅವಸರದಲ್ಲಿ ಅವರ ಕೈಯಿಂದಲೇ ಕಿತ್ತುಕೊಂಡೆ. ಎಷ್ಟು ಉಜ್ಜಿದರೂ ಹಗ್ಗ ತುಂಡಾಗಲಿಲ್ಲ.

"ಎಂತ ಭಾವ, ನಿಮ್ಮ ಚಾಕು ಮೊಂಡಾಗಿದೆಯಲ್ಲ" ಎಂದೆ, ನಾಲ್ಕು ಜನ ಕೇಳುವ ಹಾಗೆ.

"ನೀನು ಕುಯ್ತಾ ಇರೋದು ಬೆನ್ನಿನ ಕಡೆಯಿಂದ" ಎಂದರು ಭಾವ, ನಲವತ್ತು ಜನ ಕೇಳುವ ಹಾಗೆ.

ಜನ ನಕ್ಕರು. ನಾನು ಕೆಳಗಿಳಿದು ಇನ್ನೇನೋ ಅಂದೆ, ಅವರು "ಹಂಗಾರೆ ನಿಂದೇ ಒಂದು ತಗಂಡು ಇಟ್ಕ" ಅಂದರು. ಅಲ್ಲಿಗೆ ಮಾತು ನಿಂತಿತು. ಅಕ್ಕ ಫೋನಿನಲ್ಲಿ ತೀರ್ಪು ಕೊಟ್ಟಳು. "ನಿಂದೂ ತಪ್ಪಲ್ಲ, ಅವ್ರದ್ದೂ ತಪ್ಪಲ್ಲ. ಕೈಯಿಂದ ಕೈಗೆ ಹೋಯ್ತಲ, ಅದ್ರದ್ದು."

ತಪ್ಪು ಯಾರದಾದರೇನು, ಅಕ್ಕನ ಮನೆ ಬಿಟ್ಟರೆ ಕಾಲು ಚಾಚಿ ಕೂರಲು ನನಗೆ ಬೇರೆ ಮನೆಯಿಲ್ಲ. ಭಾನುವಾರ ಬಂತೆಂದರೆ ಏನು ಮಾಡಬೇಕೋ ತಿಳಿಯುತ್ತಿರಲಿಲ್ಲ. ಭಾವನಿಲ್ಲದೆ ಬಹಳ ಬೇಜಾರಾಗುತ್ತಿತ್ತು. ಆದರೂ ಮೊದಲು ಮಾತಾಡುವವನು ನಾನಾಗಬಾರದೆಂಬ ಹಠ.

ಹಠಕ್ಕೆ ಬಿದ್ದೇ ಚಾಕು ಕೊಳ್ಳಲು ಹೊರಟೆ. ಮೊಬೈಲಿನಲ್ಲಿ ವಿಡಿಯೋ ನೋಡಿ ನೋಡಿ ಅರೆ ಪಂಡಿತನಾದೆ. ಉಕ್ಕಿನಲ್ಲಿ ಎಷ್ಟು ಬಗೆ, ಹಿಡಿಯಲ್ಲಿ ಎಷ್ಟು ಬಗೆ, ಅಲಗು ನೆಟ್ಟಗೆ ನಿಲ್ಲಲು ಎಂಥ ಲಾಕು ಒಳ್ಳೆಯದು. ಕೊಪ್ಪದ ಹಾರ್ಡ್‌ವೇರ್ ಅಂಗಡಿಯವರು ಗಾಜಿನ ಮೇಲೆ ಎರಡನ್ನು ಇಟ್ಟರು. ಒಂದು ಥೇಟ್ ಭಾವನ ಚಾಕುವಿನ ತಮ್ಮ. ಇನ್ನೊಂದು ಕಪ್ಪು ಹಿಡಿಕೆಯದು, ಗುಂಡಿ ತಳ್ಳಿದರೆ ಅಲಗು ಟಕ್ಕೆಂದು ಹೊರಬಂದು ನಿಲ್ಲುವಂಥದ್ದು.

"ಎಂತಕ್ಕೆ ಸಾರ್?" ಎಂದು ಕೇಳಿದರು.

"ಸುಮ್ನೆ, ಜೇಬಲ್ಲಿ ಇರ್ಲಿ ಅಂತ."

"ಸುಮ್ನೆ ಇಡಕ್ಕಾದ್ರೆ ಚಿಕ್ಕದು ಸಾಕು."

ಸಾಕು ಎಂದು ನನಗೂ ಗೊತ್ತಿತ್ತು. ಭಾವನದ್ದರ ಹಾಗಿದೆ ಎಂಬ ಒಂದೇ ಕಾರಣಕ್ಕೆ ಅದನ್ನು ಬಿಟ್ಟು ಕಪ್ಪನೆಯದನ್ನು ತಂದೆ. ಬಸ್ ಸ್ಟ್ಯಾಂಡಿನಲ್ಲಿ ಒಂದು ಚಕ್ಕೋತ ಕೊಂಡು, ಬೆಂಚಿನ ಮೇಲೆ ಕೂತು, ಗುಂಡಿ ತಳ್ಳಿದೆ. ಟಕ್! ಹಣ್ಣು ಬೆಣ್ಣೆಯ ಹಾಗೆ ಹೋಳಾಯಿತು. ತಿಂದು ಮುಗಿಸಿ ನೋಡಿದರೆ ಚಾಕು ಮುಚ್ಚುವುದೇ ಇಲ್ಲ. ಒತ್ತಿದೆ, ತಿರುಗಿಸಿದೆ, ತೊಡೆಯ ಮೇಲೆ ಕುಟ್ಟಿದೆ. ಆ ವಿಡಿಯೋಗಳಲ್ಲಿ ಎಲ್ಲರೂ ತೆರೆಯುವುದನ್ನೇ ತೋರಿಸಿದ್ದರು, ಮುಚ್ಚುವುದನ್ನು ನೋಡಿದ ನೆನಪು ನನಗಿಲ್ಲ. ಪಕ್ಕದಲ್ಲಿದ್ದ ಹೆಂಗಸು ಚೀಲ ಎತ್ತಿಕೊಂಡು ದೂರ ಹೋದರು. ಅಂಗಡಿಗೆ ಓಡಿದರೆ ಊಟಕ್ಕೆಂದು ಬಾಗಿಲು ಹಾಕಿತ್ತು. ಚಾಕುವಿನ ವಿಷಯ ಬಲ್ಲವರು ಎಂದು ನನಗೆ ಗೊತ್ತಿದ್ದದ್ದು ಒಬ್ಬರೇ.

ಚಾಕುವನ್ನು ಟವೆಲಿನಲ್ಲಿ ಸುತ್ತಿಕೊಂಡು ಭಂಡಿಗಡಿಯ ಬಸ್ಸು ಹತ್ತಿದೆ.

"ಟವೆಲಲ್ಲಿ ಎಂತ ಸಾರ್ ಅದು, ಚೂಪಾಗಿ?" ಎಂದ ಕಂಡಕ್ಟರ್.

"ಚಾಕು."

"ಮಡಚಿ ಇಟ್ಕಳಿ."

"ಮಡಚಕ್ಕೆ ಬರಲ್ಲ."

ಅವನು ದೂರ ನಿಂತು, ಕೈಯಷ್ಟನ್ನೇ ಚಾಚಿ ಟಿಕೆಟ್ ಕೊಟ್ಟ. ಆ ದಿನ ನನ್ನ ಪಕ್ಕದ ಸೀಟು ಕೊನೆಯವರೆಗೂ ಖಾಲಿ ಇತ್ತು.

ಭಾವ ಜಗಲಿಯಲ್ಲಿ ಕುರ್ಚಿ ಹಾಕಿಕೊಂಡು, ಸೊಂಟಕ್ಕೆ ಅಗಲವಾದ ಬೆಲ್ಟು ಬಿಗಿದುಕೊಂಡು ಕೂತಿದ್ದರು. ನನ್ನನ್ನು ನೋಡಿ ಮುಖ ತಿರುಗಿಸಿದರು. ನಾನೂ ಮಾತಾಡದೆ ಟವೆಲು ಬಿಚ್ಚಿ, ಚಾಕುವನ್ನು ಅವರ ಕಾಲ ಬಳಿ ಇಟ್ಟು ಹಿಂದೆ ಸರಿದು ನಿಂತೆ. ತಿರುಗಿದ ಮುಖ ಮೆಲ್ಲಗೆ ಚಾಕುವಿನ ಕಡೆ ಬಂತು. ಹೊಸ ಚಾಕು ಕಂಡೂ ಮುಟ್ಟದೆ ಇರುವುದು ಅವರಿಂದಾಗದ ಕೆಲಸ. ಬಗ್ಗಲು ಹೋದರು, ಅರ್ಧಕ್ಕೇ "ಅಯ್ಯಮ್ಮ" ಎಂದು ಹಾಗೆಯೇ ಹಿಂದಕ್ಕೆ ಒರಗಿದರು.

"ಬಗ್ಗಂಗಿಲ್ಲ ಅಂದಿದಾರೆ ಡಾಕ್ಟ್ರು" ಎಂದರು ಕೊನೆಗೆ, ಕಂಬಕ್ಕೆ ಹೇಳುವಂತೆ. "ಎತ್ತಿ ಕೈಗೆ ಕೊಡು ಮಾರಾಯ."

"ಜಗಳ ಆಗ್ತದಲ ಭಾವ."

"ಮೊದ್ಲಿಂದೇ ಮುಗ್ದಿಲ್ಲ, ಇನ್ನೊಂದು ಹೆಂಗೆ ಆಗ್ತದೆ?"

ಕೊಟ್ಟೆ. ಅವರು ಹಿಡಿಯೊಳಗಿದ್ದ ಸಣ್ಣ ಪಟ್ಟಿಯನ್ನು ಹೆಬ್ಬೆರಳಿನಿಂದ ಪಕ್ಕಕ್ಕೊತ್ತಿ ಅಲಗು ಮಡಚಿದರು. ಆಮೇಲೆ ಮತ್ತೆ ತೆರೆದರು, ಮತ್ತೆ ಮಡಚಿದರು. "ಎಂತ ಚಾಕು ತಗಂಡಿದ್ಯ? ಇದನ್ನ ಹಿಡ್ಕಂಡು ಕಾರ್ಯದ ಮನೆಗೆ ಹೋದ್ರೆ ಅಡಿಗೆಭಟ್ರು ಓಡಿಹೋಗ್ತಾರೆ" ಎಂದರು. ನಾನು ಸುಮ್ಮನಿರುವವನೇ? ಹರಿತ ನೋಡಿ ಮಾತಾಡಿ ಎಂದೆ. ಅಲ್ಲಿಂದ ಶುರುವಾದ ವಾದ, ಅಕ್ಕ ತಂದಿಟ್ಟ ಕಾಫಿ ಆರಿದರೂ ಮುಗಿಯಲಿಲ್ಲ. ಅಕ್ಕ ಬೈಯಲಿಲ್ಲ, ಬಾಗಿಲಿಗೆ ಒರಗಿ ನಿಂತು ಕೇಳುತ್ತಿದ್ದಳು. ನನಗೆ ಆ ಹೊತ್ತಿನಷ್ಟು ಖುಷಿ ಬಹಳ ದಿನದಿಂದ ಆಗಿರಲಿಲ್ಲ.

ಭಾವನ ಸೊಂಟ ಈಗಲೂ ಬಗ್ಗುವುದಿಲ್ಲ. ಚಾಕುಗಳು ಕೈಯಿಂದ ಕೈಗೇ ಹೋಗುತ್ತವೆ, ಶಾಸ್ತ್ರ ಸುಳ್ಳಾಗದೆ ಪ್ರತಿ ಭಾನುವಾರ ಜಗಳವೂ ಆಗುತ್ತದೆ. ಮೊನ್ನೆ ಕಾಯುತ್ತಿದ್ದದ್ದು ಅದೇ ಭಂಡಿಗಡಿಯ ಬಸ್ಸಿಗೆ. ಬಸ್ಸು ತಡವಾಗಿತ್ತು. ಭಾವನ ಫೋನು ಬಂತು.

"ಎಲ್ಲಿ ಹಾಳಾಗಿ ಹೋದೆ ಮಾರಾಯ? ಇಲ್ಲಿ ಜಗಳ ಆಡಕ್ಕೆ ಒಂದು ಜನ ಇಲ್ಲ."