ಸೊನ್ನೆ ಹಾಕಿದ ಡಾಕ್ಟರಮ್ಮ

ಬೆಳಗಿನ ಆರು ಗಂಟೆ. ಚನ್ನರಾಯಪಟ್ಟಣ ತಾಲ್ಲೂಕಿನ ಒಂದು ಹಳ್ಳಿಯ ಹಾಲಿನ ಡೈರಿ ಮುಂದೆ ಕ್ಯಾನು, ಚೊಂಬು, ಬಕೆಟ್ಟು ಹಿಡಿದ ಜನ ಸಾಲಾಗಿ ನಿಂತಿದ್ದಾರೆ. ಶ್ರಾವಣದ ಚಳಿಗೆ ಎಲ್ಲರ ತಲೆಗೂ ಟವೆಲ್ಲು. ಸಾಲಿನ ಪಕ್ಕದಲ್ಲಿ ಒಬ್ಬರು ಹೆಂಗಸು ಕಾಟನ್ ಸೀರೆಯ ಮೇಲೆ ಗಂಡಸರ ಸ್ವೆಟರ್ ತೊಟ್ಟು ನಿಂತಿದ್ದಾರೆ. ಅವರ ಕೈಯಲ್ಲಿ ಚೊಂಬಿಲ್ಲ, ನೋಟ್‌ಬುಕ್ ಇದೆ.

“ಇವತ್ತು ಯಾರ್ಯಾರ ಮನೆ ಹಾಲು ಬಂದಿಲ್ಲ ರಂಗಸ್ವಾಮಿ?” ಎಂದು ಅವರು ಡೈರಿಯ ಕಾರ್ಯದರ್ಶಿಯನ್ನು ಕೇಳುತ್ತಾರೆ.

“ಮೇಗಲ ಕೇರಿಲಿ ಆರು ಮನೇದು ಬಂದಿಲ್ಲ ಮೇಡಂ. ಇನ್ನೊಂದ್ ನಾಕು ಮನೇದು ಅರ್ಧಕ್ಕರ್ಧ ಕಮ್ಮಿ ಆಗದೆ.”

“ಹಸುಗೇನಾದ್ರೂ ಆಗಿದ್ಯಾ?”

“ಅಸ ಎಲ್ಲಾ ಸರ್ಯಾಗವೆ. ಆಲು ಕರಿಯೋರ ಕೈಬೆಳ್ಳೇ ಮಡಚಾಕಾಯ್ತಿಲ್ವಂತೆ.”

ಅಷ್ಟು ಸಾಕು. ನೋಟ್‌ಬುಕ್ಕಿನಲ್ಲಿ ಹತ್ತು ಮನೆಗಳ ಗುರುತು ಬೀಳುತ್ತದೆ, ಹೆಂಗಸು ಮೇಗಲ ಕೇರಿಯ ಕಡೆ ದಾಪುಗಾಲು ಹಾಕುತ್ತಾರೆ, ಅವರ ಬಗ್ಗೆ ಪತ್ರಿಕೆಗೆ ಬರೆಯಲು ಬಂದ ನಾನು ಏದುಸಿರು ಬಿಡುತ್ತಾ ಹಿಂದೆ ಓಡುತ್ತೇನೆ. ಎಂಟು ಗಂಟೆಯ ಹೊತ್ತಿಗೆ ಆ ಕೇರಿಯಲ್ಲಿ ಮೂವತ್ತೊಂದು ಜನ ಕೀಲು ಹಿಡಿದುಕೊಂಡು ಮಲಗಿರುವುದು ಲೆಕ್ಕಕ್ಕೆ ಸಿಗುತ್ತದೆ. ಈ 2006ರಲ್ಲಿ ನಮ್ಮೆಲ್ಲರ ನಾಲಿಗೆಗೆ ಹೊಸದಾಗಿ ಹತ್ತಿಕೊಂಡಿರುವ ಚಿಕುನ್‌ಗುನ್ಯಾ ಈ ಊರಿಗೂ ಕಾಲಿಟ್ಟಿದೆ. ಇದೇ ಸೋಮವಾರ ಆಸ್ಪತ್ರೆಗೆ ಹೋದ ವರದಿಯಲ್ಲಿ ಈ ಊರಿನ ಮುಂದೆ ಇದ್ದದ್ದು ಸೊನ್ನೆ.

ಇವರು ಡಾ. ವೇದವತಿ. ವಯಸ್ಸು ನಲವತ್ತೊಂದು. ಹುಟ್ಟಿದ್ದು ಹೊಳೆನರಸೀಪುರದ ದೇವಸ್ಥಾನದ ಬೀದಿಯಲ್ಲಿ. ತಂದೆ ಯೋಗಾನರಸಿಂಹ ಸಂಸ್ಕೃತ ಮೇಷ್ಟ್ರು. ಈಗಿರುವುದು ಹಾಸನದಲ್ಲಿ. ಕೆಲಸ, ಸಾಂಕ್ರಾಮಿಕ ರೋಗಗಳ ಮೇಲೆ ಕಣ್ಣಿಡುವುದು. ಕಾಯಿಲೆ ವಾಸಿ ಮಾಡುವ ಡಾಕ್ಟರನ್ನು ಜನ ದೇವರು ಎನ್ನುತ್ತಾರೆ. ಕಾಯಿಲೆ ಎಲ್ಲಿದೆ ಎಂದು ಎಣಿಸುವ ಡಾಕ್ಟರನ್ನು ಸೆನ್ಸಸ್‌ನವರು ಎಂದುಕೊಂಡು ರೇಷನ್ ಕಾರ್ಡ್ ತಂದು ತೋರಿಸುತ್ತಾರೆ.

ಪದ್ಧತಿ ಇಷ್ಟೇ. ಹಳ್ಳಿಹಳ್ಳಿಯ ನರ್ಸಮ್ಮಂದಿರು ವಾರಕ್ಕೊಮ್ಮೆ ಒಂದು ಕಾಗದ ತುಂಬಿ ಕಳಿಸಬೇಕು. ಎಷ್ಟು ಜ್ವರ, ಎಷ್ಟು ವಾಂತಿಭೇದಿ, ಮೈಮೇಲೆ ಗುಳ್ಳೆ ಎದ್ದವರು ಎಷ್ಟು ಜನ. ಯಾರೂ ಇಲ್ಲದಿದ್ದರೆ ಸೊನ್ನೆ. ಎಲ್ಲರೂ ಅಂಕಿಗಳ ಬೆನ್ನು ಹತ್ತಿದರೆ ವೇದವತಿ ಆ ಸೊನ್ನೆಗಳ ಬೆನ್ನು ಹತ್ತಿದ್ದಾರೆ. “ಜ್ವರ ಇದೆ ಅಂದೋರ ಮನೆಗೆ ಎಲ್ರೂ ಓಡ್ತಾರೆ. ಇಲ್ಲ ಅಂದೋರ ಮನೆಗೆ ಯಾರು ಹೋಗ್ತಾರೆ ಹೇಳಿ?” ಎನ್ನುತ್ತಾರೆ.

1999ರಿಂದ ನಾಲ್ಕು ವರ್ಷ ಅವರು ಇದನ್ನೇ ಸಂಶೋಧನೆ ಮಾಡಿದರು. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ತಾಲ್ಲೂಕುಗಳ ಅರವತ್ನಾಲ್ಕು ಹಳ್ಳಿ. ‘ಏನೂ ಇಲ್ಲ’ ಎಂದು ವರದಿ ಬಂದ ವಾರವೇ ಆ ಊರಿಗೆ ಹೋಗಿ ಮನೆಮನೆ ಬಾಗಿಲು ತಟ್ಟುವುದು. ಹತ್ತು ಸೊನ್ನೆಗಳಲ್ಲಿ ನಾಲ್ಕು ಸುಳ್ಳಾಗಿದ್ದವು. ದಿನಕ್ಕೆ ಅರವತ್ತು ಬಾಗಿಲು, ಏಳೆಂಟು ಕಿಲೋಮೀಟರ್ ನಡಿಗೆ, ಬಸ್ ಸ್ಟಾಪಿನ ಕಲ್ಲಿನ ಮೇಲೆ ಕೂತು ತಣ್ಣಗಾದ ಉಪ್ಪಿಟ್ಟು. ಇಲ್ಲದ ರೋಗವನ್ನು ಹುಡುಕಿ ತರುತ್ತಾರೆಂದು ಮೇಲಿನವರಿಗೆ ಸಿಟ್ಟು ಬಂದು ಎರಡು ಸಲ ವರ್ಗ ಮಾಡಿಸಿದರು. ಜೊತೆಯವರು ‘ಸೊನ್ನೆ ಡಾಕ್ಟ್ರು’ ಎಂದು ಹೆಸರಿಟ್ಟರು. ಸಂಶೋಧನೆಯ ಮುನ್ನೂರು ಪುಟ ಯಾವುದೋ ಕಚೇರಿಯ ಬೀರುವಿನ ಮೇಲೆ ದೂಳು ತಿನ್ನುತ್ತಿದೆ.

ಇಷ್ಟು ಕೇಳಿದ ಮೇಲೆ ನನ್ನ ಲೇಖನ ಅರ್ಧ ಮುಗಿದಂತೆಯೇ ಎಂದು ಖುಷಿಯಾಗಿ, ಹೊಗಳಿಕೆಯ ಎರಡು ಸಾಲನ್ನು ಮನಸ್ಸಿನಲ್ಲೇ ಕಟ್ಟಿಕೊಂಡು, ಕೊನೆಯ ಬಾಗಿಲಿನಿಂದ ವಾಪಸು ಬರುವಾಗ ಒಂದು ಮಾತು ಕೇಳಿದೆ. ಇಡೀ ಬೆಳಿಗ್ಗೆ ನೀವು ಒಂದು ಮನೆಯಲ್ಲೂ ‘ಕಾಯಿಲೆ ಇದೆಯಾ’ ಎಂದು ಕೇಳಲಿಲ್ಲವಲ್ಲ ಮೇಡಂ? ರಾತ್ರಿ ಯಾರು ನಿದ್ದೆ ಮಾಡಲಿಲ್ಲ, ಯಾರು ಊಟ ಬಿಟ್ಟರು, ಹಾಲು ಕರೆದವರು ಯಾರು, ಇಂಥವೇ ಕೇಳಿದಿರಿ.

ಅವರು ನಡೆಯುವುದನ್ನು ನಿಲ್ಲಿಸುತ್ತಾರೆ. “ಆ ಪದ ನನ್ನ ಬಾಯಿಗೆ ಬರಲ್ಲ,” ಎನ್ನುತ್ತಾರೆ. ನೋಟ್‌ಬುಕ್ ಮುಚ್ಚಿ, “ಬರೆಯೋದಾದ್ರೆ ಅದನ್ನೇ ಬರೀರಿ. ಬರೆಯೋಕಾಗದಿದ್ರೆ ನನ್ನ ಬಗ್ಗೆ ಏನೂ ಬೇಡ.”

1994ರ ಮಾರ್ಚ್ ತಿಂಗಳು. ವೇದವತಿಗೆ ಇಪ್ಪತ್ತೊಂಬತ್ತು ವರ್ಷ. ಅರಕಲಗೂಡು ತಾಲ್ಲೂಕಿನಲ್ಲಿ ಒಂದು ಸಣ್ಣ ಆಸ್ಪತ್ರೆಯ ವೈದ್ಯಾಧಿಕಾರಿ. ಪಕ್ಕದ ಹೋಬಳಿಯಲ್ಲಿ ಮಕ್ಕಳಿಗೆ ದಡಾರ ಎದ್ದಿದೆ ಎಂಬ ಸುದ್ದಿ ಬಂದು, ನರ್ಸ್ ಪ್ರೇಮಕುಮಾರಿಯವರ ಜೊತೆ ಹಳ್ಳಿ ಸುತ್ತುತ್ತಿದ್ದರು. ಊರಿನ ಹೆಸರು ಹಾಕಬೇಡಿ ಎಂದಿದ್ದಾರೆ, ಹಾಕುವುದಿಲ್ಲ. ಸಂಜೆ ನಾಲ್ಕೂಮುಕ್ಕಾಲಿಗೆ ಕೊನೆಯ ಕೇರಿಯ ಕೊನೆಯ ಮನೆಗೆ ಬಂದರು. ಬಾಗಿಲಲ್ಲಿ ನಂಜಮ್ಮ ಎಂಬ ಹೆಂಗಸು ನಿಂತಿದ್ದರು.

“ಮನೇಲಿ ಯಾರಿಗಾದ್ರೂ ಕಾಯಿಲೆ ಇದ್ಯೇನಮ್ಮ ಅಂತ ಕೇಳಿದೆ. ಕಾಯಿಲೆ ಇಲ್ಲ ಕಣವ್ವ ಅಂದ್ರು. ಸುಳ್ಳು ಹೇಳಲಿಲ್ಲ ಅವರು. ದಡಾರ ಅವರಿಗೆ ಕಾಯಿಲೆ ಅಲ್ಲ, ಅಮ್ಮ. ದೇವಿ ಮನೆಗೆ ಬಂದಿರ್ತಾಳೆ, ಮೂರು ಸಲ ಬೇವಿನ ನೀರು ಹಾಕಿಸ್ಕೊಂಡು ಹೋಗ್ತಾಳೆ. ಕಾಯಿಲೆ ಅಂದ್ರೆ ಅವಳಿಗೆ ಕೋಪ ಬರುತ್ತೆ. ಇದು ನನಗೆ ಗೊತ್ತಿರಲಿಲ್ಲ ಅಂದ್ಕೋಬೇಡಿ. ನಾನೂ ಇದೇ ಸೀಮೆಯಲ್ಲಿ ಹುಟ್ಟಿದೋಳು. ಬಾಗಿಲ ಮೇಲೆ ಬೇವಿನ ಸೊಪ್ಪು ಸಿಗಿಸಿದ್ರು. ನೋಡಿದೆ.”

ಬೇವಿನ ಸೊಪ್ಪು ಕಂಡರೆ ಒಳಗೆ ಅಮ್ಮ ಇದ್ದಾಳೆಂದೇ ಅರ್ಥ. ನೋಡಿ ಒಳಗೆ ಹೋಗಿದ್ದರೆ ಮಗುವನ್ನು ಪರೀಕ್ಷೆ ಮಾಡಬೇಕಿತ್ತು, ನಂಜಮ್ಮನ ಅತ್ತೆ ಮಾವನ ಜೊತೆ ಜಗಳ ಆಡಬೇಕಿತ್ತು, ‘ಇಲ್ಲ’ ಎಂದದ್ದಕ್ಕೆ ಬಿಟ್ಟು ಬಂದ ಮನೆಗಳಿಗೆಲ್ಲ ಮತ್ತೆ ಹೋಗಬೇಕಿತ್ತು. ಐದು ಗಂಟೆಗೆ ಕೊನೆಯ ಬಸ್ಸಿತ್ತು. ಕೇಳಿದ ಪ್ರಶ್ನೆಗೆ ಉತ್ತರ ಬಂತಲ್ಲ ಎಂದು ವೇದವತಿ ಆ ಊರಿನ ಮುಂದೆ ಸೊನ್ನೆ ಬರೆದರು. ಬಸ್ಸು ಸಿಕ್ಕಿತು.

ಒಂಬತ್ತನೆಯ ದಿನ ನಂಜಮ್ಮನವರ ಮೂರು ವರ್ಷದ ಮಗಳು ಸ್ನೇಹಲತಾ ತೀರಿಕೊಂಡಳು. ಡಾಕ್ಟರಿಗೆ ಗೊತ್ತಾಗಿದ್ದು ಇನ್ನೊಂದು ತಿಂಗಳಿಗೆ, ಪ್ರೇಮಕುಮಾರಿ ಚುಚ್ಚುಮದ್ದಿನ ಪಟ್ಟಿಯಲ್ಲಿ ಒಂದು ಹೆಸರಿಗೆ ಗೀಟು ಎಳೆದಾಗ. ಆಮೇಲೆ ಹೋಗಿ ಎಣಿಸಿದರೆ ಆ ಊರಿನಲ್ಲಿ ದಡಾರ ಬಂದುಹೋದ ಮಕ್ಕಳು ಇಪ್ಪತ್ಮೂರು. ಎಣಿಸಲು ಕೂಡ ತಾವು ಹೋಗಲಿಲ್ಲ, ಪ್ರೇಮಕುಮಾರಿಯವರನ್ನೇ ಕಳಿಸಿದರಂತೆ.

ಪ್ರೇಮಕುಮಾರಿ ಈಗ ಹಳ್ಳಿಮೈಸೂರಿನಲ್ಲಿದ್ದಾರೆ, ನಿವೃತ್ತಿಗೆ ಎರಡು ವರ್ಷ ಇದೆ. ಫೋನಿನಲ್ಲಿ ಕೇಳಿದೆ. “ಮೇಡಂ ಒಬ್ರೇ ಅಲ್ಲ ಸಾರ್, ಸೊಪ್ಪು ನಾನೂ ನೋಡಿದ್ದೆ. ಡಾಕ್ಟ್ರು ಸುಮ್ನಾದ್ರಲ್ಲ, ನಂಗ್ಯಾಕೆ ಅಂತ ಸುಮ್ನಾದೆ. ನಂಗೂ ಬಸ್ ಬೇಕಾಗಿತ್ತು,” ಎಂದರು.

ನನ್ನ ಪಾಲಿನದನ್ನೂ ಹೇಳಿಬಿಡುತ್ತೇನೆ. ಆ ವರ್ಷ ನಾನು ಹಾಸನದಲ್ಲಿ ಹೊಸ ವರದಿಗಾರ. ‘ಜಿಲ್ಲೆಯಲ್ಲಿ ಸಾಂಕ್ರಾಮಿಕ ರೋಗವಿಲ್ಲ’ ಎಂದು ಅಧಿಕಾರಿಗಳು ಕೊಟ್ಟ ಹಾಳೆಯನ್ನು ಟೀ ಕುಡಿಯುತ್ತಾ ಹಾಗೇ ನಕಲಿಳಿಸಿ ಪತ್ರಿಕೆಗೆ ಕಳಿಸಿದವನು ನಾನೇ. ಆ ಹಾಳೆಯ ಸೊನ್ನೆಗಳಲ್ಲಿ ಈ ಸೊನ್ನೆಯೂ ಇದ್ದಿರಬೇಕು. ಹಳೆಯ ಕಡತದಲ್ಲಿ ಆ ಸುದ್ದಿಯನ್ನು ಹುಡುಕಿ ನೋಡಿದೆ, ನಾಚಿಕೆಯಾಯಿತು.

ಈ ಘಟನೆಯೇ ವೇದವತಿಯವರನ್ನು ಮತ್ತೆ ಓದಲು ಕಳಿಸಿತು, ಸೊನ್ನೆಗಳ ಹಿಂದೆ ಓಡಿಸಿತು. ಇಲ್ಲಿಗೆ ನಿಲ್ಲಿಸಿದ್ದರೆ ಕಥೆ ಚೆನ್ನಾಗಿಯೇ ಇತ್ತು. ಆದರೆ ಅವರು ನಿಲ್ಲಿಸಲಿಲ್ಲ. “ಇನ್ನೊಂದಿದೆ. ಅರವತ್ನಾಲ್ಕು ಹಳ್ಳಿಗಳನ್ನ ಚೀಟಿ ಎತ್ತಿ ಆರಿಸಿದ್ದು. ನಮ್ಮ ಶಾಸ್ತ್ರದಲ್ಲಿ ಹಾಗೇ ಮಾಡಬೇಕು, ಬೇಕಾದ್ದು ಬೇಡದ್ದು ಅಂತ ಆರಿಸೋ ಹಾಗಿಲ್ಲ. ಆ ಊರಿನ ಚೀಟಿ ಬಂತು. ಯಾರೂ ನೋಡ್ತಿರಲಿಲ್ಲ. ಮಡಚಿ ವಾಪಸ್ ಹಾಕಿ ಬೇರೆ ಎತ್ತಿದೆ. ಬೇರೆಯವರ ಸುಳ್ಳು ಸೊನ್ನೆ ಹುಡುಕೋ ಪುಸ್ತಕದಲ್ಲಿ ನನ್ನದೂ ಒಂದು ಸುಳ್ಳು ಇದೆ.”

ನಂಜಮ್ಮನವರಿಗೆ ಇದೆಲ್ಲ ಹೇಳಿದ್ದೀರಾ ಎಂದು ಕೇಳಿದೆ. ಇಲ್ಲವೆಂದು ತಲೆ ಅಲ್ಲಾಡಿಸಿದರು. ಹನ್ನೆರಡು ವರ್ಷದಿಂದ ಆ ಊರಿಗೆ ಕಾಲಿಟ್ಟಿಲ್ಲ. ಆ ಊರಿನ ಮೇಲೆ ಹಾದುಹೋಗಬೇಕಾಗಿ ಬಂದರೂ ಸುತ್ತು ದಾರಿಯ ಬಸ್ಸು ಹತ್ತುತ್ತಾರೆ. ನಾಲ್ಕು ದಿನದ ಮೇಲೆ ಅವರೇ ಫೋನ್ ಮಾಡುತ್ತಾರೆ. “ನಾಳೆ ಹೋಗೋಣ. ನೀವು ಜೊತೆಗಿದ್ರೆ ಅರ್ಧ ದಾರಿಯಿಂದ ವಾಪಸ್ ಬರಲ್ಲ.”

ಹಾಸನದಿಂದ ಅರಕಲಗೂಡಿಗೆ, ಅಲ್ಲಿಂದ ಇನ್ನೊಂದು ಬಸ್ಸು. ನಂಜಮ್ಮ ಜಗಲಿಯ ಮೇಲೆ ಗೋಣಿಚೀಲ ಹಾಸಿಕೊಂಡು ಕಿತ್ತ ಆಲೂಗಡ್ಡೆಯಲ್ಲಿ ಕೊಳೆತದ್ದನ್ನು ಆರಿಸುತ್ತಿದ್ದಾರೆ. ಡಾಕ್ಟರನ್ನು ಗುರುತು ಹಿಡಿದು ಮಣೆ ತರಲು ಏಳುತ್ತಾರೆ. ವೇದವತಿ ಕೂರುವುದಿಲ್ಲ. ಅಂಗಳದಲ್ಲೇ ನಿಂತು ಹೇಳಿಬಿಡುತ್ತಾರೆ.

“ನಂಜಮ್ಮನೋರೆ, ಆವತ್ತು ನಾನು ಬಾಗಿಲಲ್ಲಿ ಬೇವಿನ ಸೊಪ್ಪು ನೋಡಿದ್ದೆ. ಒಳಗೆ ಬರಬೇಕಿತ್ತು, ಬರಲಿಲ್ಲ. ನಿಮ್ಮ ಮಗೂಗೆ ಆಗಿದ್ದು ದಡಾರ. ಆಮೇಲೆ ಎದೇಲಿ ಕಫ ಕಟ್ಟಿಕೊಂಡು ಹೋಯ್ತು. ಅದಕ್ಕೆ ಔಷಧಿ ಇದೆ. ಆವತ್ತು ನನ್ನ ಬ್ಯಾಗಲ್ಲೇ ಇತ್ತು.”

ನಂಜಮ್ಮನ ಕೈ ಆಲೂಗಡ್ಡೆಯ ಮೇಲೇ ನಿಂತುಬಿಡುತ್ತದೆ. ಬೈಯುತ್ತಾರೆ ಎಂದುಕೊಂಡೆ. ಅಳುತ್ತಾರೆ ಎಂದುಕೊಂಡೆ. ಎರಡೂ ಇಲ್ಲ.

“ಅಂಗಾರೆ, ಒಗ್ಗರಣೆಗಲ್ವಾ?” ಎಂದು ಕೇಳುತ್ತಾರೆ.

ನಮಗಿಬ್ಬರಿಗೂ ಅರ್ಥವಾಗುವುದಿಲ್ಲ. ನಂಜಮ್ಮ ನನ್ನ ಕಡೆ ತಿರುಗಿ ಬಿಡಿಸಿ ಹೇಳುತ್ತಾರೆ. “ಅಮ್ಮ ಮನೇಲಿರೋವಾಗ ಒಗ್ಗರಣೆ ಆಕ್ಬಾರ್ದು ಸಾ. ಅವಳಿಗೆ ಉರಿ ಆಯ್ತದೆ. ನಮ್ಮಾವ ಸಪ್ಪೆ ಸಾರು ತಿನ್ನಕಾಗಲ್ಲ ಅಂತ ಕೂಗಾಡುದ್ರು. ತಡೀನಾರ್ದೆ ಒಂದ್ ಸಂಜೆ ಒಂಚೂರು ಸಾಸಿವೆ ಸಿಡಿಸ್ಬುಟ್ಟೆ. ಅದಾಗಿ ಎಲ್ಡು ದಿನಕ್ಕೆ ಮಗಾ ಓಯ್ತು. ನೀನೇ ತಿಂದ್ಕಂಡೆ ಅಂದ್ರು ನಮ್ಮತ್ತೆ. ಊರೋರೂ ಅಂಗೇ ಅಂದ್ರು. ನಾನೂ ಅಂಗೇ ಅನ್ಕಂಡಿದ್ದೆ.”

“ಅಲ್ಲಮ್ಮ,” ಎನ್ನುತ್ತಾರೆ ವೇದವತಿ. ಜಗಲಿಯ ಹತ್ತಿರಕ್ಕೆ ಬಂದು ಇನ್ನೊಂದು ಸಲ ಹೇಳುತ್ತಾರೆ. “ಒಗ್ಗರಣೆಗಲ್ಲ. ನಿಮ್ಮಿಂದ ಅಲ್ಲ.”

ನಂಜಮ್ಮ ಸೆರಗಿನಿಂದ ಕೈ ಒರೆಸಿಕೊಳ್ಳುತ್ತಾರೆ. ಒಂದೊಂದೇ ಬೆರಳು ಒರೆಸುತ್ತಾರೆ. ಆಮೇಲೆ ಡಾಕ್ಟರ ಮುಖ ನೋಡುತ್ತಾರೆ.

“ಮಗಾ ಓಗಿದ್ದು ಓಯ್ತು, ಬಿಡಿ. ಈ ಮಾತ ಯೋಳಕೆ ಯಾಕವ್ವ ಅನ್ನೆಲ್ಡು ವರ್ಸ ತಕ್ಕಂಡ್ರಿ?”

ನಾವು ಬಸ್ಸಿಗೆ ನಡೆಯುತ್ತೇವೆ. ಇಂಥ ಲೇಖನಗಳ ಕೊನೆಯಲ್ಲಿ ನಿಮ್ಮ ಆಸೆ ಏನು ಎಂದು ಕೇಳುವುದು ನಮ್ಮ ರೂಢಿ. ಕೇಳಲು ನನಗೆ ಬಾಯಿ ಬರುವುದಿಲ್ಲ. ಅರಕಲಗೂಡು ಬರುವ ಹೊತ್ತಿಗೆ ಅವರೇ ಹೇಳುತ್ತಾರೆ.

“ನಂಜಮ್ಮನೋರು ಕೇಳಿದ್ದನ್ನ ಕೊನೆಗೆ ಹಾಕಿ. ಅದರ ಕೆಳಗೆ ನನ್ನ ಬಗ್ಗೆ ಒಂದೇ ಒಂದು ಒಳ್ಳೇ ಮಾತೂ ಬರೀಬೇಡಿ.”